ಅಡುಗೆಮನೆಯ ಬಾಗಿಲಿನಿಂದ ಕಂಡ ಆಟ



ಆಟದ ವಿಷಯವಾಗಿ ನಿಮ್ಮೊಡನೆ ಮಾತನಾಡಲು ಸಾಮಾನ್ಯವಾಗಿ ಆಟಗಾರರು ಬರುತ್ತಾರೆ. ಅವರಿಗೆ ಬಿಡುವಿಲ್ಲದಿದ್ದರೆ ತರಬೇತುದಾರರು ಬರುತ್ತಾರೆ. ನಾನು ಇವರಲ್ಲಿ ಯಾರೂ ಅಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಇಬ್ಬರು ಮಕ್ಕಳ ತಾಯಿ, ಇಬ್ಬರು ಮೊಮ್ಮಕ್ಕಳ ಅಜ್ಜಿ. ಮೈದಾನಕ್ಕಿಳಿದು ಬ್ಯಾಟು ಹಿಡಿದವಳಲ್ಲ. ಆದರೂ ಹನ್ನೆರಡನೆಯ ವಯಸ್ಸಿನಿಂದ ಇಂದಿನವರೆಗೆ, ಎಂದರೆ ಐವತ್ತಕ್ಕೂ ಹೆಚ್ಚು ವರ್ಷಗಳಿಂದ, ಕ್ರಿಕೆಟ್ಟಿನ ಹುಚ್ಚು ನನ್ನನ್ನು ಬಿಟ್ಟಿಲ್ಲ.

ನಿಮ್ಮ ಮನೆಯಲ್ಲೂ ಇಂಥದೊಂದು ದೃಶ್ಯ ನಡೆದಿರಬಹುದು. ಟಿ.ವಿ.ಯಲ್ಲಿ ಪಂದ್ಯ ಬರುತ್ತಿದೆ. ಎಲ್ಲರೂ ಮುಂದೆ ಕುಳಿತಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಒಬ್ಬ ಹೆಂಗಸು "ಎಷ್ಟಾಯ್ತು?" ಎಂದು ಕೇಳುತ್ತಾಳೆ. ನೀವು ತಲೆ ತಿರುಗಿಸದೆಯೇ "ನೂರಾ ಹತ್ತು, ಮೂರು ವಿಕೆಟ್" ಎನ್ನುತ್ತೀರಿ. ಅವಳು ಒಳಗೆ ಹೋಗುತ್ತಾಳೆ, ಏಕೆಂದರೆ ಒಲೆಯ ಮೇಲೆ ಸಾರು ಕುದಿಯುತ್ತಿದೆ. ಆ ಬಾಗಿಲಲ್ಲಿ ನಿಂತವಳಿಗೆ ಆಟ ಹೇಗೆ ಕಾಣುತ್ತದೆ, ಮನೆ ಹೇಗೆ ಕಾಣುತ್ತದೆ ಎಂಬುದನ್ನು ನಿಮ್ಮ ಮುಂದೆ ಹೇಳಬೇಕೆಂದು ಬಂದಿದ್ದೇನೆ. ಇದರಲ್ಲಿ ನನ್ನ ತಪ್ಪೊಂದೂ ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಮನೆಯಲ್ಲಿದ್ದ ಒಂದೇ ಐಷಾರಾಮದ ವಸ್ತುವೆಂದರೆ ರೇಡಿಯೋ. ಟೆಸ್ಟ್ ಪಂದ್ಯದ ದಿನಗಳಲ್ಲಿ ಅಪ್ಪ ಅದರ ಮುಂದೆ ಪದ್ಮಾಸನ ಹಾಕಿ ಕೂರುತ್ತಿದ್ದರು. ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿ. ನನಗೋ ಇಂಗ್ಲಿಷು ಆಗಷ್ಟೇ ಕಲಿಯುತ್ತಿದ್ದ ಭಾಷೆ. ಚೆಂಡು "ಗಲ್ಲಿ"ಗೆ ಹೋಯಿತು ಎಂದು ರೇಡಿಯೋ ಹೇಳಿದಾಗ, ಪಾಪ, ಮೈದಾನ ದಾಟಿ ಯಾರದೋ ಮನೆಯ ಓಣಿಗೆ ಬಿದ್ದಿರಬೇಕು, ಇನ್ನು ಹುಡುಕಿ ತರುವವರೆಗೆ ಆಟ ನಿಂತಂತೆಯೇ ಎಂದು ನಾನು ತಿಳಿದಿದ್ದೆ. ಅಪ್ಪ ನಕ್ಕು, ಅಡುಗೆಮನೆಯಿಂದ ಒಂದು ಹಿಡಿ ಹುಣಸೆಬೀಜ ತರಿಸಿದರು. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಸೊನ್ನೆ ಬರೆದು, ಹನ್ನೊಂದು ಬೀಜಗಳನ್ನು ಒಂದೊಂದು ಜಾಗದಲ್ಲಿಟ್ಟು, ಇದು ಸ್ಲಿಪ್, ಇದು ಗಲ್ಲಿ, ಇದು ಪಾಯಿಂಟ್ ಎಂದು ತೋರಿಸಿದರು. ಅಂದಿನಿಂದ ರೇಡಿಯೋ ಮಾತನಾಡುತ್ತಿದ್ದಂತೆ ಬೀಜಗಳನ್ನು ಸರಿಸುವುದು ನನ್ನ ಕೆಲಸವಾಯಿತು. ಪಂದ್ಯವನ್ನು ಕಣ್ಣಿನಿಂದ ನೋಡುವುದಕ್ಕೆ ಮೊದಲೇ ನಾನು ಅದನ್ನು ನೆಲದ ಮೇಲೆ ಕಂಡೆ.

1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಜಿ. ಆರ್. ವಿಶ್ವನಾಥ್ ತಮ್ಮ ಮೊದಲ ಟೆಸ್ಟ್ ಆಡಿದರು. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. ಅವರು ಬೆಳೆದದ್ದೆಲ್ಲ ಬೆಂಗಳೂರೇ ಆದರೂ ನಮ್ಮ ಬೀದಿಯವರಿಗೆ ಆ ಮಾತು ಕೇಳಿಸುತ್ತಲೇ ಇರಲಿಲ್ಲ. ಅವರು ನಮ್ಮೂರಿನವರು, ಅಷ್ಟೇ. ಮೊದಲ ಇನ್ನಿಂಗ್ಸಿನಲ್ಲಿ ವಿಶ್ವನಾಥ್ ಸೊನ್ನೆಗೆ ಔಟಾದರು. ಅಪ್ಪ ರೇಡಿಯೋದ ಕಿವಿ ತಿರುಚಿ ಎದ್ದುಹೋದರು. ಅಮ್ಮ ಮಾತ್ರ ಸೊಪ್ಪು ಬಿಡಿಸುತ್ತಾ, "ಇನ್ನೊಂದು ಸಲ ಆಡಲಿಕ್ಕೆ ಬಿಡುತ್ತಾರಂತಲ್ಲ, ನೋಡೋಣ ಬಿಡಿ" ಎಂದರು. ಎರಡನೆಯ ಇನ್ನಿಂಗ್ಸಿನಲ್ಲಿ 137 ರನ್. ಅಮ್ಮನಿಗೆ ಕ್ರಿಕೆಟ್ಟಿನ ಗಂಧವೂ ಗೊತ್ತಿರಲಿಲ್ಲ. ಆದರೆ ಟೆಸ್ಟ್ ಪಂದ್ಯದ ಮುಖ್ಯ ಗುಣವನ್ನು ಆ ದಿನ ಮನೆಯಲ್ಲಿ ಅರಿತಿದ್ದವಳು ಅವಳೊಬ್ಬಳೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಹೊಸ ಹೆಸರಿನ ಮೊದಲ ಋತುವಿನಲ್ಲೇ, 1974ರ ಮಾರ್ಚಿನಲ್ಲಿ, ರಣಜಿ ಟ್ರೋಫಿಯ ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆಯಿತು. ಎದುರಾಳಿ ಮುಂಬಯಿ. ಅವರು ಸತತವಾಗಿ ಹದಿನೈದು ವರ್ಷ ಆ ಟ್ರೋಫಿಯನ್ನು ಬಿಟ್ಟುಕೊಟ್ಟಿರಲಿಲ್ಲ. ನಿಮ್ಮಲ್ಲಿ ಅನೇಕರ ವಯಸ್ಸು ಹದಿನೈದು ಇರಬಹುದು. ನೀವು ಹುಟ್ಟಿದ ದಿನದಿಂದ ಇಂದಿನವರೆಗೆ ಒಂದೇ ತಂಡ ಗೆಲ್ಲುತ್ತಾ ಬಂದಿದೆ ಎಂದು ಊಹಿಸಿಕೊಳ್ಳಿ. ಪ್ರಸನ್ನ ನಮ್ಮ ನಾಯಕರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ ಚೆಂಡಿನ ಮಾತು ಇಂದಿಗೂ ಹಳಬರ ಬಾಯಲ್ಲಿದೆ. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಫೈನಲ್ಲಿಗೆ ಹೋಯಿತು; ಅಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದಿತು.

ಆ ಸೆಮಿಫೈನಲ್ ನೋಡಲು ಅಪ್ಪ ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಪಿ.ಯು.ಸಿ. ಪರೀಕ್ಷೆ ಹತ್ತಿರವಿತ್ತು, ಅದು ಹೇಳಿಕೊಳ್ಳಲು ಒಳ್ಳೆಯ ಕಾರಣ. ಎರಡು ವರ್ಷದ ಬಳಿಕ ಅಂಥ ಕಾರಣ ಇರಲಿಲ್ಲ. 1976ರ ಅಕ್ಟೋಬರ್ ಕೊನೆಯಲ್ಲಿ ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸಿನ ವಿರುದ್ಧ ಬೆಂಗಳೂರಿನಲ್ಲೇ ಆಡಿದರು. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ನಾನು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಓದುತ್ತಿದ್ದೆ. ನೋಡಲೇಬೇಕೆಂದು ಹಟ ಹಿಡಿದೆ. ಅಪ್ಪ ಸಿಟ್ಟಾಗಲಿಲ್ಲ, ಬಹಳ ಮೃದುವಾಗಿಯೇ, "ಅಷ್ಟು ದೂರ ಕರಕೊಂಡು ಹೋಗಿ, ಆ ಗಂಡಸರ ಗುಂಪಿನಲ್ಲಿ ನಿನ್ನನ್ನು ಎಲ್ಲಿ ಕೂರಿಸಲಮ್ಮ?" ಎಂದರು. ಮೈದಾನದ ನಡುವೆ ಹೆಣ್ಣುಮಕ್ಕಳು ಆಡಬಹುದು, ಸುತ್ತ ಕುಳಿತು ನೋಡುವುದಕ್ಕೆ ಮಾತ್ರ ಜಾಗವಿಲ್ಲ! ಪತ್ರಿಕೆಯಲ್ಲಿ ಬಂದ ಶಾಂತಾ ಅವರ ಚಿತ್ರವನ್ನು ಕತ್ತರಿಸಿ ಕ್ಯಾಲ್‌ಕ್ಯುಲಸ್ ಪುಸ್ತಕದಲ್ಲಿ ಇಟ್ಟುಕೊಂಡೆ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ನಮ್ಮವರು ಮೊದಲ ಟೆಸ್ಟ್ ಗೆಲುವು ಪಡೆದರು. ಮುಂದಿನ ಜನವರಿಯಲ್ಲಿ, 1977ರಲ್ಲಿ, ನ್ಯೂಜಿಲೆಂಡಿನ ಡ್ಯುನೆಡಿನ್ನಿನಲ್ಲಿ ಶಾಂತಾ 108 ರನ್ ಹೊಡೆದರು. ಟೆಸ್ಟಿನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಶತಕ ಅದು. ಆ ಚಿತ್ರ ಇನ್ನೂ ನನ್ನ ಹತ್ತಿರವಿದೆ. ಅದರ ಮಾತು ಮುಂದೆ ಬರುತ್ತದೆ.

ಮದುವೆಯಾಗಿ ಬೆಂಗಳೂರಿಗೆ ಬಂದೆ. ಕ್ರೀಡಾಂಗಣ ಇರುವ ಊರು ಎಂಬ ಸಂತೋಷ ಒಳಗೊಳಗೇ ಇತ್ತು. ಯಜಮಾನರು ಒಳ್ಳೆಯವರು, ಕ್ರಿಕೆಟ್ಟೆಂದರೆ ಅವರಿಗೂ ಇಷ್ಟ. ಆದರೆ ಕೂಡು ಕುಟುಂಬ, ಮೇಲೆ ಶಾಲೆಯ ನೌಕರಿ. ಪಂದ್ಯದ ದಿನ ಮನೆಗೆ ಮೈದುನಂದಿರ ಸ್ನೇಹಿತರು ಬರುತ್ತಿದ್ದರು. ಐದು ಗಂಟೆಗೊಂದು ಸಲ ಕಾಫಿ, ನಡುವೆ ಬೋಂಡ. ವಿಕೆಟ್ ಬಿದ್ದಾಗ ಅವರು ಕೂಗುವುದನ್ನು ಕೇಳಿ ನಾನು ಬಾಣಲೆಯ ಮುಂದಿನಿಂದ ಓಡಿ ಬರುವಷ್ಟರಲ್ಲಿ ಔಟಾದವನು ಪೆವಿಲಿಯನ್ ಸೇರಿರುತ್ತಿದ್ದ. ನಾನೊಂದು ಉಪಾಯ ಕಂಡುಕೊಂಡೆ. ಅಡುಗೆಮನೆಯ ಗೂಟಕ್ಕೆ ಹಾಲಿನ ಲೆಕ್ಕದ ಪುಸ್ತಕ ತೂಗುಹಾಕಿರುತ್ತಿತ್ತು. ಅದರ ಹಿಂದಿನ ಪುಟಗಳಲ್ಲಿ, ಕೇಳಿಸಿದಷ್ಟನ್ನು ಕೇಳಿಸಿದ ಹಾಗೆ, ಸ್ಕೋರು ಬರೆಯತೊಡಗಿದೆ. ಮುಂದಿನಿಂದ ಹಾಲು, ಹಿಂದಿನಿಂದ ರನ್ನು. ಒಮ್ಮೆ ನಮ್ಮ ಅತ್ತೆಯವರು ತಿಂಗಳ ಕೊನೆಗೆ ಲೆಕ್ಕ ಹಾಕುತ್ತಾ, "ಇದೇನೇ, ಈ ತಿಂಗಳು ಕಿರ್ಮಾನಿಗೆ ಎಷ್ಟು ಲೀಟರು ಕೊಟ್ಟಿದ್ದೀಯ?" ಎಂದು ಕೇಳಿದ್ದುಂಟು.

1983ರ ಜೂನ್ 25, ಶನಿವಾರ. ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ನಮ್ಮ ಮನೆಗೆ ಟಿ.ವಿ. ಇನ್ನೂ ಬಂದಿರಲಿಲ್ಲ, ರೇಡಿಯೋವೇ ಗತಿ. ಭಾರತ ಬರೀ 183ಕ್ಕೆ ಔಟಾಗಿತ್ತು. ಒಂದು ವರ್ಷದ ಮಗನಿಗೆ ಹಲ್ಲು ಬರುವ ಜ್ವರ. ತೊಡೆಯ ಮೇಲೆ ಅವನು, ಕಿವಿಯೆಲ್ಲಾ ಪಡಸಾಲೆಯ ಕಡೆ. ವಿವಿಯನ್ ರಿಚರ್ಡ್ಸ್ ಹೊಡೆಯುತ್ತಿದ್ದ ರೀತಿಗೆ ಪಂದ್ಯ ಬೇಗ ಮುಗಿದು ಎಲ್ಲರೂ ಮಲಗುತ್ತಾರೆ ಎಂದುಕೊಂಡೆ. ಆಗ ಮದನ್ ಲಾಲರ ಚೆಂಡು ಮೇಲೇರಿತು, ಕಪಿಲ್ ಹಿಂದಕ್ಕೆ ಓಡಿ ಓಡಿ ಅದನ್ನು ಹಿಡಿದರು. ಪಡಸಾಲೆ ಸ್ಫೋಟವಾಯಿತು, ಮಗು ಬೆಚ್ಚಿ ಅಳತೊಡಗಿತು. ವೆಸ್ಟ್ ಇಂಡೀಸ್ 140ಕ್ಕೆ ಕುಸಿಯಿತು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಒಂದು ವಾರದ ಹಿಂದೆ ಜಿಂಬಾಬ್ವೆಯ ವಿರುದ್ಧ 17ಕ್ಕೆ 5 ಎಂಬ ಗತಿಯಿಂದ ತಂಡವನ್ನು ಎತ್ತಿ ಕಪಿಲ್ 175 ಹೊಡೆದಾಗ ಇನ್ನೊಂದು ತುದಿಯಲ್ಲಿ ಕಾದು ನಿಂತವರು ಕಿರ್ಮಾನಿ. ಅವರ ರನ್ನು 24. ನನಗೇಕೋ ಆ 24ರ ಮೇಲೆ ವಿಶೇಷ ಪ್ರೀತಿ. ಹಬ್ಬದೂಟವನ್ನು ಹೊಗಳುವವರು ಒಗ್ಗರಣೆಯನ್ನು ಹೊಗಳುವಂತೆ ಒಲೆಯ ಮುಂದೆ ನಿಂತವಳನ್ನು ನೆನೆಯುವುದಿಲ್ಲವಷ್ಟೆ.

ಮಗ ಬೆಳೆದ. ಓಣಿಯಲ್ಲಿ ಟೆನಿಸ್ ಚೆಂಡಿನಲ್ಲಿ ಚೆನ್ನಾಗಿಯೇ ಹೊಡೆಯುತ್ತಿದ್ದ. ಹನ್ನೊಂದನೆಯ ವಯಸ್ಸಿಗೆ ಬೇಸಿಗೆ ಶಿಬಿರಕ್ಕೆ ಸೇರಿಸಿದೆ. ಬೆಳಗಿನ ಐದಕ್ಕೆ ಎಬ್ಬಿಸಿ, ರಾಗಿ ಗಂಜಿ ಕುಡಿಸಿ, ಅವನಷ್ಟೇ ಉದ್ದದ ಕಿಟ್ ಚೀಲವನ್ನು ಹೊತ್ತು ಎರಡು ಬಸ್ಸು ಬದಲಿಸಿ ಕರೆದೊಯ್ಯುತ್ತಿದ್ದೆ. ಅವನು ಆಡುವುದನ್ನು ಬೇಲಿಯಾಚೆ ನಿಂತು ನೋಡುವಾಗ ಮೊದಲ ಬಾರಿಗೆ ಮೈದಾನದ ಪಕ್ಕದಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. ಚೀಟಿ ಎತ್ತಿದ ಹಣದಲ್ಲಿ ನನಗೊಂದು ಸರ ಮಾಡಿಸಬೇಕೆಂದು ಅತ್ತೆಯವರ ಆಸೆ. ನಾನು ಅದರಲ್ಲಿ ಇಂಗ್ಲಿಷ್ ವಿಲ್ಲೊ ಬ್ಯಾಟು ತಂದೆ.

ಇಲ್ಲಿ 1996ನೆಯ ಇಸವಿಯ ಮಾತು ಹೇಳಬೇಕು. ಆ ಒಂದೇ ವರ್ಷ ನನಗೆ ಎಲ್ಲವನ್ನೂ ಕೊಟ್ಟಿತು. ಮಾರ್ಚ್ 9ರಂದು ಬೆಂಗಳೂರಿನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತಕ್ಕೆ ಪಾಕಿಸ್ತಾನ ಎದುರು. ಸಿಧು 93. ಕೊನೆಯಲ್ಲಿ ಜಡೇಜ 25 ಚೆಂಡಿಗೆ 45. ನಂತರ ಆಮಿರ್ ಸೊಹೈಲ್ ಬೌಂಡರಿ ಬಾರಿಸಿ, ಮತ್ತೆ ಅಲ್ಲಿಗೇ ಹೊಡೆಯುತ್ತೇನೆಂದು ಬ್ಯಾಟು ತೋರಿಸಿದ್ದು, ಮರು ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಅವರ ಆಫ್ ಸ್ಟಂಪನ್ನು ಉರುಳಿಸಿದ್ದು ನಿಮಗೆಲ್ಲ ತಿಳಿದ ಕಥೆ. ನಾಲ್ಕೇ ದಿನ. 13ರಂದು ಕಲ್ಕತ್ತೆಯಲ್ಲಿ ಶ್ರೀಲಂಕಾದ ಎದುರು ಸೆಮಿಫೈನಲ್. 251 ಬೆನ್ನಟ್ಟುತ್ತಿದ್ದ ತಂಡ ಒಂದು ವಿಕೆಟ್ಟಿಗೆ 98 ಇದ್ದದ್ದು ಎಂಟು ವಿಕೆಟ್ಟಿಗೆ 120 ಆಯಿತು. ಜನ ಬಾಟಲಿ ಎಸೆದರು, ಬೆಂಕಿ ಹಚ್ಚಿದರು. ಪಂದ್ಯ ಶ್ರೀಲಂಕಾಕ್ಕೆ ಹೋಯಿತು. ಕಾಂಬ್ಳಿ ಅಳುತ್ತಾ ನಡೆದು ಬಂದರು.

ಮಗ ಊಟ ಬಿಟ್ಟ. ಗೋಡೆಯ ಕಡೆ ತಿರುಗಿ ಮಲಗಿದ. ನಾನು ಹೋಗಿ ತಲೆ ಸವರಿ, "ಆಟ ಅಂದಮೇಲೆ ಹೀಗೇ ಕಣೋ" ಎಂದೆ. ಅವನು ಕೈ ಕೊಸರಿಕೊಂಡು, "ನಿನಗೇನು ಗೊತ್ತಾಗತ್ತಮ್ಮ, ಹೋಗು" ಎಂದ. ನಾನು ಹೋಗಿ ಮರುದಿನದ ಇಡ್ಲಿಗೆ ಹಿಟ್ಟು ರುಬ್ಬಲು ಕುಳಿತೆ. ಗ್ರೈಂಡರಿನ ಸದ್ದಿಗೆ ಒಂದು ಅನುಕೂಲವಿದೆ, ಅದರ ಮರೆಯಲ್ಲಿ ಯಾರು ಅತ್ತರೂ ಹೊರಗೆ ಕೇಳಿಸದು. ವಿದ್ಯಾರ್ಥಿಗಳೇ, ಸೋತ ದಿನ ಮಕ್ಕಳಿಗೆ ಅಳುವ ಹಕ್ಕಿದೆ, ಗಂಡಸರಿಗೆ ಸಿಡುಕುವ ಹಕ್ಕಿದೆ. ತಾಯಿಯ ಪಾಲಿಗೆ ಉಳಿಯುವುದು ಸಮಾಧಾನ ಹೇಳುವ ಕೆಲಸ. ಅವಳೂ ಸೋತಿದ್ದಾಳೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಅದೇ ವರ್ಷ ಅಕ್ಟೋಬರ್ 21. ಟೈಟಾನ್ ಕಪ್ ಸರಣಿಯಲ್ಲಿ ಆಸ್ಟ್ರೇಲಿಯಾದ ಎದುರು ಬೆಂಗಳೂರಿನಲ್ಲಿ ಪಂದ್ಯ. ಗುರಿ 216. ತೆಂಡೂಲ್ಕರ್ 88ಕ್ಕೆ ಔಟಾದರು. ಎಂಟನೆಯ ವಿಕೆಟ್ ಬಿದ್ದಾಗ 164. ಯಜಮಾನರು "ಮುಗೀತು" ಎಂದು ಮಲಗಲು ಹೋದರು. ಮಗನೂ ಎದ್ದ. ಅದು ನನ್ನ ಭಾಗ್ಯ. ಅಂದು ಮೊದಲ ಬಾರಿಗೆ ಟಿ.ವಿ.ಯ ಮುಂದಿನ ಕುರ್ಚಿ ಖಾಲಿಯಾಗಿತ್ತು! ನಾನು ಕುಳಿತೆ. ಬಾಗಿಲ ಹತ್ತಿರ ನಿಂತಿದ್ದ ಹತ್ತು ವರ್ಷದ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಕ್ರೀಸಿನಲ್ಲಿ ಮೈಸೂರಿನ ಶ್ರೀನಾಥ್, ಬೆಂಗಳೂರಿನ ಕುಂಬ್ಳೆ. ಇಬ್ಬರೂ ಬೌಲರುಗಳು. ಒಂದೊಂದೇ ರನ್ನು ಕೂಡುತ್ತಾ ಬಂತು. ನಡುನಡುವೆ ಕ್ಯಾಮರಾ ಪ್ರೇಕ್ಷಕರ ನಡುವೆ ಕುಳಿತಿದ್ದ ಕುಂಬ್ಳೆಯವರ ತಾಯಿಯನ್ನೂ ಅಜ್ಜಿಯನ್ನೂ ತೋರಿಸುತ್ತಿತ್ತು. ನಮ್ಮ ಪಕ್ಕದ ಮನೆಯವರಂತೆಯೇ ಇದ್ದಾರೆ, ಎಂಥ ಉಸಿರು ಬಿಗಿ ಹಿಡಿದು ಕುಳಿತಿದ್ದಾರೆ ಎಂದು ನಾನು ಆಟಕ್ಕಿಂತ ಅವರನ್ನೇ ಹೆಚ್ಚು ನೋಡಿದೆ. ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ಔಟಾಗದೆ 52 ಸೇರಿಸಿ, ಏಳು ಎಸೆತ ಉಳಿದಿರುವಾಗಲೇ ಗೆಲ್ಲಿಸಿದರು. ನಾನೂ ಮಗಳೂ ಕೈ ಹಿಡಿದು ಕುಣಿದೆವು. ಬಾಯಿಗೆ ಸೆರಗು ತುರುಕಿಕೊಂಡು ಕುಣಿದೆವು, ಮಲಗಿದವರು ಏಳಬಾರದಲ್ಲ.

ಅಂದು ರಾತ್ರಿ ಒಂದು ಯೋಚನೆ ಬಂತು. ಟಿ.ವಿ.ಯಲ್ಲಿ ಒಬ್ಬ ತಾಯಿಯ ಮುಖ ಬರಬೇಕಾದರೆ ಅವಳ ಮಗ ಕ್ರೀಸಿನಲ್ಲಿರಬೇಕು. ನನ್ನ ಮಗನೂ ಒಂದು ದಿನ ಅಲ್ಲಿ ನಿಂತರೆ? ಆ ಯೋಚನೆ ನನ್ನನ್ನು ಹಿಡಿದುಬಿಟ್ಟಿತು. ಐದು ಗಂಟೆಗೆ ಎಬ್ಬಿಸುತ್ತಿದ್ದವಳು ನಾಲ್ಕೂವರೆಗೆ ಎಬ್ಬಿಸತೊಡಗಿದೆ. ಪಂದ್ಯ ಮುಗಿಸಿ ಬಂದವನನ್ನು ಊಟಕ್ಕೆ ಮೊದಲು ಸ್ಕೋರು ಕೇಳತೊಡಗಿದೆ. ಸೊನ್ನೆ ಹೊಡೆದ ದಿನ ಮನೆಯಲ್ಲಿ ನನ್ನ ಮಾತು ಕಡಿಮೆಯಾಗುತ್ತಿತ್ತು. ನಮ್ಮಮ್ಮ ವಿಶ್ವನಾಥರ ಸೊನ್ನೆಗೆ ಆಡಿದ ಮಾತು ನನ್ನ ಬಾಯಿಗೆ ಬರಲಿಲ್ಲ.

1998ರಲ್ಲಿ ಹದಿನಾರು ವರ್ಷದೊಳಗಿನವರ ಆಯ್ಕೆಯ ಪಟ್ಟಿ ಗೋಡೆಗೆ ಅಂಟಿಸಿದರು. ನಾನೇ ಹೋಗಿ ನೋಡಿದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದೆ. ಹೆಸರಿರಲಿಲ್ಲ. ಅನ್ಯಾಯವಾಯಿತು ಎಂದು ಹೇಳಿದರೆ ನಿಮ್ಮ ಸಹಾನುಭೂತಿ ಸಿಗುತ್ತಿತ್ತೇನೋ. ಆದರೆ ಸತ್ಯವೆಂದರೆ ಪಟ್ಟಿಯಲ್ಲಿದ್ದ ಹುಡುಗರು ಅವನಿಗಿಂತ ಚೆನ್ನಾಗಿ ಆಡುತ್ತಿದ್ದರು. ಬಸ್ಸಿನಲ್ಲಿ ಬರುವಾಗ ನಾನು ಅಳುತ್ತಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದವನು, ನಮ್ಮ ನಿಲ್ದಾಣ ಬರುವ ಮುಂಚೆ ಹೇಳಿದ: "ಅಮ್ಮ, ನನಗೆ ಸಾಕು. ಎರಡು ವರ್ಷದಿಂದಲೇ ಸಾಕಾಗಿತ್ತು. ಆಡಬೇಕು ಅಂತ ಇದ್ದದ್ದು ನಿನಗೆ."

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬ್ಯಾಟು ಅಟ್ಟ ಸೇರಿತು. ಅವನು ಇಂಜಿನಿಯರಿಂಗ್ ಓದಿ ಅಮೆರಿಕೆಗೆ ಹೋದ. ಹಲವು ವರ್ಷ ನಮ್ಮಿಬ್ಬರ ನಡುವೆ ಎಲ್ಲ ಮಾತೂ ನಡೆಯುತ್ತಿತ್ತು, ಕ್ರಿಕೆಟ್ ಒಂದನ್ನು ಬಿಟ್ಟು. 2003ರ ಫೈನಲ್ ಸೋತಾಗ ಅವನು ಆ ಮಾತು ಎತ್ತಲಿಲ್ಲ. 2007ರಲ್ಲಿ ದ್ರಾವಿಡ್ ನಾಯಕತ್ವದ ತಂಡ ವೆಸ್ಟ್ ಇಂಡೀಸಿನಲ್ಲಿ ಮೊದಲ ಸುತ್ತಿಗೇ ಹೊರಬಿದ್ದಾಗಲೂ ಎತ್ತಲಿಲ್ಲ. 2011ರ ಏಪ್ರಿಲ್ 2ರ ರಾತ್ರಿ, ಮುಂಬಯಿಯಲ್ಲಿ ಧೋನಿ ಸಿಕ್ಸರ್ ಎತ್ತಿದ ಒಂದೆರಡು ನಿಮಿಷಕ್ಕೆ ದೂರವಾಣಿ ಬಂತು. ಎತ್ತಿದರೆ ಅವನು. ಮಾತಿಲ್ಲ, ಬರೀ ನಗು. ಕೊನೆಗೆ ಕೇಳಿದ, "ಬರೆದುಕೊಂಡೆಯೇನಮ್ಮಾ, ಹಾಲಿನ ಪುಸ್ತಕದಲ್ಲಿ?" ಅವನಿಗೆ ಅದು ಗೊತ್ತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಮಗನ ಕಥೆ ಇಷ್ಟು. ಆದರೆ ನಾನು ಮೊದಲೇ ಹೇಳಿದ ತಪ್ಪು ಇದಲ್ಲ.

ಅಣ್ಣನಿಗೆ ಓಣಿಯಲ್ಲಿ ಚೆಂಡೆಸೆದು ಕೊಡುತ್ತಿದ್ದವಳು ಮಗಳು. ಯಾರೂ ಕಲಿಸದೆ, ಬೆರಳು ತಿರುಚಿ ಲೆಗ್ ಸ್ಪಿನ್ ಹಾಕುತ್ತಿದ್ದಳು. ಅವನು ಎಷ್ಟೋ ಸಲ ತಬ್ಬಿಬ್ಬಾಗುತ್ತಿದ್ದ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಒಂದೇ ಇನ್ನಿಂಗ್ಸಿನಲ್ಲಿ ಹತ್ತಕ್ಕೆ ಹತ್ತು ವಿಕೆಟ್ ಕಿತ್ತ ವಾರ ಅವಳು ಬಂದು, "ಅಮ್ಮ, ಅಣ್ಣ ಹೋಗುತ್ತಿದ್ದ ಶಿಬಿರಕ್ಕೆ ನಾನು ಸೇರಲಾ?" ಎಂದು ಕೇಳಿದಳು. ನಾನು ಹೇಳಿದ್ದೇನು ಗೊತ್ತೇ? "ಬಿಸಿಲಲ್ಲಿ ಕಪ್ಪಗಾಗುತ್ತೀಯ. ಅಲ್ಲಿ ಬರೀ ಹುಡುಗರು. ನಿನ್ನ ಸಂಗೀತ ಪಾಠ ಏನಾಗಬೇಕು?" ಅವಳು ವಾದಿಸಲಿಲ್ಲ. ಚೆಂಡನ್ನು ತಂದು ಅಟ್ಟದ ಮೇಲೆ ಬ್ಯಾಟಿನ ಪಕ್ಕದಲ್ಲಿಟ್ಟಳು. ಶಾಂತಾ ರಂಗಸ್ವಾಮಿಯವರ ಚಿತ್ರವನ್ನು ಪುಸ್ತಕದಲ್ಲಿಟ್ಟುಕೊಂಡಿದ್ದವಳು ನಾನು. ಮಗನಿಗಾಗಿ ಎರಡು ಬಸ್ಸು ಬದಲಿಸಿದವಳು ನಾನು. ಅವನಿಗೆ ಬೇಡವಾದದ್ದನ್ನು ಅವನ ಹೆಗಲಿಗೆ ಹೊರಿಸಿದೆ, ಇವಳು ಕೈಯೊಡ್ಡಿ ಕೇಳಿದ್ದನ್ನು ಕೊಡಲಿಲ್ಲ. ಅಪ್ಪ ನನಗೆ ಮೃದುವಾಗಿ ಬೇಡವೆಂದಿದ್ದರು. ನಾನು ಅಷ್ಟು ಮೃದುವಾಗಿಯೂ ಇರಲಿಲ್ಲ.

ಇದು ನನಗೆ ಸರಿಯಾಗಿ ತಟ್ಟಿದ್ದು ಹದಿನೆಂಟು ವರ್ಷದ ಬಳಿಕ. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ಭಾರತ ಮುಂದೆ ಫೈನಲ್ ತಲುಪಿತು. ಜುಲೈ 23, ಲಾರ್ಡ್ಸ್. ಮಗಳು ತನ್ನ ಇಬ್ಬರು ಮಕ್ಕಳೊಂದಿಗೆ ನಮ್ಮ ಮನೆಯಲ್ಲಿದ್ದಳು. 229ರ ಗುರಿ; ಮೂರು ವಿಕೆಟ್ಟಿಗೆ 191. ಪೂನಂ ರಾವುತ್ ನೆಲೆಯೂರಿದ್ದರು. ಜೊತೆಗೆ ಕಡೂರಿನ ವೇದಾ ಕೃಷ್ಣಮೂರ್ತಿ. ಗೆದ್ದೆವೆಂದೇ ನಾನು ಪಾಯಸಕ್ಕೆ ಶ್ಯಾವಿಗೆ ಹುರಿದಿಟ್ಟಿದ್ದೆ. ಅನ್ಯಾ ಶ್ರಬ್‌ಸೋಲ್ ಒಬ್ಬರೇ ಆರು ವಿಕೆಟ್ ಕಿತ್ತರು. ಒಂಬತ್ತು ರನ್ನಿನಿಂದ ಸೋತೆವು. ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು. ಮಗಳು ಅದರ ಕೂದಲು ನೇವರಿಸುತ್ತಾ, ಟಿ.ವಿ.ಯಿಂದ ಕಣ್ಣು ತೆಗೆಯದೆ, "ನನ್ನನ್ನೂ ಕಳಿಸಬಹುದಿತ್ತು ಅಮ್ಮ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಅವಳು ಭಾರತಕ್ಕೆ ಆಡುತ್ತಿದ್ದಳೆಂದು ನಾನು ಹೇಳುವುದಿಲ್ಲ. ಅಣ್ಣನಂತೆ ಅವಳ ಹೆಸರೂ ಪಟ್ಟಿಯಲ್ಲಿ ಬರದೇ ಹೋಗಬಹುದಿತ್ತು. ಆದರೆ ಪಟ್ಟಿಯ ಮುಂದೆ ನಿಂತು ಹೆಸರು ಹುಡುಕುವ ಅವಕಾಶ ಅವನಿಗೆ ಸಿಕ್ಕಿತ್ತು. ಮರುದಿನ ಆ ಹಳೆಯ ಚಿತ್ರವನ್ನು ಹುಡುಕಿ ಅವಳಿಗೆ ಕೊಟ್ಟೆ. ಹಳದಿಯಾಗಿ ಅಂಚು ಉದುರುತ್ತಿತ್ತು. ಅವಳು ಬಹಳ ಹೊತ್ತು ನೋಡಿ, "ಇದನ್ನು ಆಗಲೇ ತೋರಿಸಿದ್ದರೆ ನಾನು ಜಗಳವಾಡುತ್ತಿದ್ದೆ" ಎಂದಳು.

ಈಗ ಅವಳೂ ಒಬ್ಬ ತಾಯಿ, ಅವಳ ಮಗನೂ ಹದಿನಾಲ್ಕರ ಅಭಿಮಾನಿ. ನಿಮಗೆ ನೆನಪಿರುವ ಒಂದು ದಿನದ ಮಾತು ಹೇಳುತ್ತೇನೆ. 2025ರ ಜೂನ್ 3ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ಹದಿನೆಂಟನೆಯ ಪ್ರಯತ್ನದಲ್ಲಿ ಐಪಿಎಲ್ ಕಪ್ ಗೆದ್ದಿತು. (ಅದೇ ಹೆಸರಿನ ಮಹಿಳೆಯರ ತಂಡ ತನ್ನ ಕಪ್ಪನ್ನು 2024ರಲ್ಲೇ, ಎರಡನೆಯ ಪ್ರಯತ್ನಕ್ಕೇ, ತಂದಿತ್ತು ಎಂಬುದನ್ನು ಹುಡುಗರು ಮರೆಯುತ್ತಾರೆ.) ಮರುದಿನ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸ್ನೇಹಿತರೊಡನೆ ಹೋಗುತ್ತೇನೆಂದು ಮೊಮ್ಮಗ. ಬೇಡವೆಂದು ಅವನಮ್ಮ. ಯಾವ ಕಾರಣವೂ ಅವಳಿಗೆ ಗೊತ್ತಿರಲಿಲ್ಲ. "ಜನ ಜಾಸ್ತಿ" ಎಂದಳು, ಅಷ್ಟೇ. ಅವನು ಕೋಣೆಯ ಬಾಗಿಲು ಹಾಕಿಕೊಂಡು, "ನೀನು ನನಗೆ ಯಾವ ಸಂತೋಷವನ್ನೂ ಕೊಡುವುದಿಲ್ಲ" ಎಂದು ಕೂಗಿದ. ನಾನೂ ಮೆಲ್ಲಗೆ, "ಹೋಗಲಿ ಬಿಡೇ, ಇಷ್ಟು ವರ್ಷದ ಮೇಲೆ ಗೆದ್ದಿದ್ದಾರೆ" ಎಂದೆ. ಎಲ್ಲ ಬೇಡಗಳೂ ತಪ್ಪೆಂದು ಅಷ್ಟರಲ್ಲಿ ನನಗೆ ಅನ್ನಿಸತೊಡಗಿತ್ತು ನೋಡಿ.

ಸಂಜೆ ಸುದ್ದಿ ಬಂತು. ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡಿದ್ದರು. ಹೆಚ್ಚಿನವರು ನಿಮ್ಮಂಥ, ನಿಮಗಿಂತ ನಾಲ್ಕಾರು ವರ್ಷ ಹೆಚ್ಚಿನ ಮಕ್ಕಳು. ಮೊಮ್ಮಗ ಬಾಗಿಲು ತೆರೆದು ಹೊರಗೆ ಬಂದ. ಅವನಮ್ಮ ಅವನನ್ನು ತಬ್ಬಿಕೊಂಡಳು. ನಾನು ಹೇಳಿದ್ದೇ ಸರಿಯಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅದೇ ಬೆಳಿಗ್ಗೆ ಎಷ್ಟು ಮನೆಗಳಲ್ಲಿ ತಾಯಂದಿರು ನನ್ನಂತೆಯೇ "ಹೋಗಲಿ ಬಿಡಿ" ಎಂದು, ತಿಂಡಿ ತಿನ್ನಿಸಿ ಕಳಿಸಿದ್ದರೋ. ಅವರಲ್ಲಿ ಯಾರ ತಪ್ಪೂ ಇರಲಿಲ್ಲ. ಅಂದು ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಅದಾಗಿ ಐದು ತಿಂಗಳಿಗೆ, ನವೆಂಬರ್ 2ರಂದು, ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಏಕದಿನ ವಿಶ್ವಕಪ್ಪನ್ನು ಮೊದಲ ಬಾರಿಗೆ ಗೆದ್ದರು. ಮಳೆಯಿಂದ ಆಟ ತಡವಾಗಿ, ಕೊನೆಯ ವಿಕೆಟ್ ಬೀಳುವಾಗ ಮಧ್ಯರಾತ್ರಿಯ ಹೊತ್ತು. ದೀಪ್ತಿ ಶರ್ಮಾ ಐದು ವಿಕೆಟ್ ಪಡೆದರು. ಕೊನೆಯ ಕ್ಯಾಚನ್ನು ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದಾಗ ನನಗೆ 1983ರ ಪಡಸಾಲೆಯ ಕೂಗು ಕೇಳಿಸಿತು. ಈ ಸಲ ನಾನು ಅಡುಗೆಮನೆಯಲ್ಲಿರಲಿಲ್ಲ. ಕಾಫಿ ಮಾಡಿದವನು ಮೊಮ್ಮಗ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಮಗಳೂ ನಾನೂ ಕುಣಿದೆವು, ಸೆರಗನ್ನು ಬಾಯಿಗೆ ತುರುಕಿಕೊಳ್ಳದೆ. ಅಮೆರಿಕೆಯಿಂದ ಮಗ ಪರದೆಯ ಮೇಲೆ ಬಂದು ಕೈ ಬೀಸಿದ.

ಆ ಗಲಾಟೆಗೆ ಹನ್ನೊಂದು ವರ್ಷದ ಮೊಮ್ಮಗಳು ಎದ್ದು ಬಂದಳು. ನಾನು ತಡೆಯಲಾರದೆ, "ಪುಟ್ಟಿ, ನಿನ್ನನ್ನು ಶಿಬಿರಕ್ಕೆ ಸೇರಿಸಲಾ? ಮಾಮನ ಬ್ಯಾಟಿದೆ, ಅಮ್ಮನ ಚೆಂಡಿದೆ" ಎಂದೆ. ಅವಳು ಕಣ್ಣುಜ್ಜಿಕೊಳ್ಳುತ್ತಾ, "ಬೇಡ ಅಜ್ಜಿ. ನಾನು ಖೋ-ಖೋಗೆ ಸೇರಿದೀನಲ್ಲ" ಎಂದು ಹೇಳಿ ಮತ್ತೆ ಮಲಗಲು ಹೋದಳು. ಅವಳ ಶಾಲೆಯ ತಂಡದ ಹುಡುಗಿಯರಿಗೆಲ್ಲ ಆದರ್ಶ ಬಿ. ಚೈತ್ರಾ. ಮೈಸೂರು ಜಿಲ್ಲೆಯ ಕುರುಬೂರಿನ ಈ ಹುಡುಗಿ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದಳೆಂದು ನನಗೆ ತಿಳಿದದ್ದು ಮೊಮ್ಮಗಳಿಂದಲೇ.

ಈಗ ಶನಿವಾರ ಬೆಳಿಗ್ಗೆ ಅವಳ ಶಾಲೆಯ ಅಂಗಳದ ಕಲ್ಲುಬೆಂಚಿನ ಮೇಲೆ ನಾನು ಕೂರುತ್ತೇನೆ. ಖೋ-ಖೋದಲ್ಲಿ ಅಂಕ ಹೇಗೆ ಬರೆಯಬೇಕೆಂದು ನನಗಿನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಓಡುವವರನ್ನು ಎಣಿಸುವುದೋ ಕೂತವರನ್ನು ಎಣಿಸುವುದೋ ಎಂದು ಗಲಿಬಿಲಿಯಾಗುತ್ತದೆ. ಕೇಳಿದರೆ ಮೊಮ್ಮಗಳು ಬೆಂಚಿನ ಮೇಲೆ ಹೊಂಗೆಕಾಯಿಗಳನ್ನು ಸಾಲಾಗಿಟ್ಟು ತೋರಿಸುತ್ತಾಳೆ. ಹಾಲು ಈಗ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಲೆಕ್ಕ ಬರೆಯುವ ಅಗತ್ಯವಿಲ್ಲ. ಆದರೂ ಒಂದು ಪುಸ್ತಕ ಕೊಂಡಿದ್ದೇನೆ.